ಹೂವು ಎಳೆಯದ ಇಂಜಿನ್

ಒದ್ದೆ ಗೋಣಿಚೀಲದ ವಾಸನೆ ನಿಮಗೆ ಹೇಗೋ ಗೊತ್ತಿಲ್ಲ, ನನಗೆ ಬಲು ಇಷ್ಟ. ಇಷ್ಟವಾಗಿತ್ತು ಎನ್ನಬೇಕು, ಹೋದ ವಾರದವರೆಗೆ. ಹೂವಿನಹಡಗಲಿಯಲ್ಲಿ ನಮ್ಮ ನಾಗಕ್ಕನ ಅಂಗಳದಲ್ಲಿ ಬೆಳಗ್ಗೆ ಚಹಾ ಕುಡಿಯುತ್ತ ಕೂತಿದ್ದೆ. ಮಲ್ಲಿಗೆ ಮೊಗ್ಗಿನ ಚೀಲಗಳು ಅವಳ ಮಿನಿ ಲಾರಿಗೆ ಏರುತ್ತಿದ್ದವು. ಹೊಸದಾಗಿ ಸೇರಿದ ಹಮಾಲನೊಬ್ಬ ಗೋಣಿಚೀಲವನ್ನು ನೀರಲ್ಲಿ ಅದ್ದಿ, ಹಿಂಡದೆ ಹಾಗೇ ಎತ್ತಿಕೊಂಡು ಗಾಡಿಯ ಕ್ಯಾಬಿನ್ ಹಿಂದೆ ಇಳಿಬಿಡಲು ಹೋದ. ವಾಸನೆ ಮೂಗಿಗೆ ಬಡಿದು, ಆಹಾ ಎಂದು ನಾನು ಕಣ್ಣು ಮುಚ್ಚುವಷ್ಟರಲ್ಲಿ ಅಕ್ಕ ಅವನಿಗೊಂದು ಕೂಗು ಹಾಕಿದಳು. ಆ ಒಂದು ಕೂಗಿಗೆ ನನ್ನ ಡಾಕ್ಟರಿಕೆ ಮುಗಿದುಹೋಯಿತು. ಏನೆಂದು ಕೂಗಿದಳು ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ನಾನು ಡಾಕ್ಟರಾದ ಕಥೆ ಕೇಳಿ. ಹೋದ ಮಾನ ಎಲ್ಲಿಂದ ಬಂದಿತ್ತು ಎನ್ನುವುದಾದರೂ ನಿಮಗೆ ಗೊತ್ತಿರಲಿ.

ಗಾಬರಿ ಬೇಡ, ಮನುಷ್ಯರ ಮೈಗೆ ಕೈ ಹಾಕಿದವನಲ್ಲ ನಾನು. ತಾಲೂಕು ಕಚೇರಿಯ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ ಇದೆ, ಅಷ್ಟೇ. ಆದರೆ ಓಣಿಯಲ್ಲಿ ನನ್ನನ್ನು 'ಇಂಜಿನ್ ಡಾಕ್ಟ್ರು' ಎಂದು ಕರೆಯುತ್ತಾರೆ. ಟ್ರ್ಯಾಕ್ಟರ್ ಕರಿ ಹೊಗೆ ಬಿಟ್ಟರೆ, ಗೂಡ್ಸ್ ಆಟೊ ಜಗ್ಗದೆ ಹೋದರೆ ಮನೆಗೆ ಬಂದು ಕರೆಯುತ್ತಾರೆ. ನಾನು ಉದ್ದನೆಯ ಸ್ಕ್ರೂಡ್ರೈವರ್ ಹಿಡಿದು ಹೋಗಿ, ಮೊನೆಯನ್ನು ಇಂಜಿನ್ನಿನ ಮೇಲೆ ಊರಿ, ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತೇನೆ. ನನಗೆ ಕೇಳಿಸುವುದು ಡರ್ ಡರ್ ಸದ್ದೊಂದೇ. ಆದರೂ "ಹೂಂ" ಎನ್ನುತ್ತೇನೆ. ಆಮೇಲೆ ಗಂಭೀರವಾಗಿ, "ಒಮ್ಮೆ ರುದ್ರಪ್ಪ ಮೇಸ್ತ್ರಿಗೆ ತೋರಿಸಿಬಿಡ್ರಿ" ಎಂದು ಸಲಹೆ ಕೊಡುತ್ತೇನೆ. ರುದ್ರಪ್ಪ ಹರಪನಹಳ್ಳಿ ರಸ್ತೆಯ ಮೆಕ್ಯಾನಿಕ್. ಅವನು ರಿಪೇರಿ ಮಾಡುತ್ತಾನೆ, ಚಹಾ ನನಗೆ ಸಿಗುತ್ತದೆ.

ಈ ಕೀರ್ತಿಯ ಮೂಲ ಅಕ್ಕನ ಗಾಡಿ. ಭಾವ ತೋಟ ನೋಡಿಕೊಂಡರೆ ಅಕ್ಕ ವ್ಯಾಪಾರ ನೋಡಿಕೊಳ್ಳುತ್ತಾಳೆ. ಸುತ್ತಲಿನ ತೋಟಗಳ ಮೊಗ್ಗು ಕೂಡಿಸಿ ದಾವಣಗೆರೆ ಮಾರ್ಕೆಟ್ಟಿಗೆ ಮುಟ್ಟಿಸುವುದು ಅವಳ ಕೆಲಸ. ನಸುಕಿನಲ್ಲಿ ಕಿತ್ತ ಮೊಗ್ಗು ಮೊಗ್ಗಾಗಿಯೇ ಅಲ್ಲಿ ಇಳಿಯಬೇಕು. ದಾರಿಯಲ್ಲೇ ಬಾಯಿ ಬಿಟ್ಟಿತೋ, ಕೊಳ್ಳುವವರು ಮುಖ ತಿರುಗಿಸುತ್ತಾರೆ. ಅದಕ್ಕೇ ಹೂವಿನ ಗಾಡಿಗೆ ಒದ್ದೆ ಚೀಲ ಇರಲೇಬೇಕು. ಮೇಲೆ ಹೊದಿಸಿ, ಪಕ್ಕಕ್ಕೆ ಇಳಿಬಿಟ್ಟು, ಹೂವು ಹೇರುವ ಭಾಗದ ಮುಂದಿನ ಕಟಕಟೆಗೂ ಕಟ್ಟುತ್ತಾರೆ. ಬಿಸಿಗಾಳಿ ಹೂವಿಗೆ ತಾಗಬಾರದು ನೋಡಿ. ಮದುಮಗಳನ್ನು ಕಳಿಸುವಾಗಲೂ ಇಷ್ಟು ಜೋಪಾನ ಮಾಡುವುದಿಲ್ಲ ನಮ್ಮ ಜನ.

ಮೊದಲೆಲ್ಲ ಅಕ್ಕ ಬೇರೆಯವರ ಗಾಡಿಗೆ ಹೂವು ಹಾಕುತ್ತಿದ್ದಳು. ಅವರು ಬಂದಾಗ ಬಂದರು, ಜಾಗ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಚೀಲ ಕಾಲ ಬುಡದಲ್ಲಿಟ್ಟುಕೊಂಡು ರಸ್ತೆ ನೋಡುತ್ತ ನಿಂತು ಸಾಕಾಗಿ, ಹಟ ಹಿಡಿದು ಈ ಹಳೆಯ ಗಾಡಿ ತಗೊಂಡಳು. ಆಮೇಲೆ ಹಿರೇಹಡಗಲಿ ಕಡೆಯ ರೈತರೂ ನಾಗಕ್ಕನ ಗಾಡಿಗೇ ಹೂವು ಎನ್ನತೊಡಗಿದರು. ಗಾಡಿ ಬಂದಮೇಲೆ ಅವಳು ನಡೆಯುವ ಧಾಟಿಯೇ ಬೇರೆಯಾಯಿತು. ಅಂಥ ಗಾಡಿಯ ಇಂಜಿನ್ ಒಂದು ದಿನ ಸೀಜ್ ಆಗಿ, ತಿರುಗದೆ ನಿಂತುಬಿಟ್ಟಿತು.

ಆಗ ಮುಂದೆ ಬಂದವನೇ ನಾನು! ಆ ಕಾಲಕ್ಕೆ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗೆಲ್ಲ ಮೊಬೈಲಿನಲ್ಲಿ ಇಂಜಿನ್ ಬಿಚ್ಚುವ ವಿಡಿಯೊ ನೋಡುತ್ತಿದ್ದೆ. ಒಂದು ನಟ್ಟನ್ನೂ ಬಿಚ್ಚದೆ ಪರಿಣತನಾಗಿದ್ದೆ. ಅದೇ ಜಾತಿಯ ಇಂಜಿನ್ ಹುಡುಕೋಣ ಎಂದು ರುದ್ರಪ್ಪ ಬಡಕೊಂಡ. ನಾನು ಕೇಳಬೇಕಲ್ಲ! ಹುಬ್ಬಳ್ಳಿಯ ಗುಜರಿಗೆ ಹೋಗಿ, ಸ್ಕ್ರೂಡ್ರೈವರ್ ಕಿವಿಗಿಟ್ಟು, ಬೇರೊಂದು ಕಂಪನಿಯ ದೊಡ್ಡ ಇಂಜಿನ್ ಆರಿಸಿದೆ. "ಪಿಕಪ್ ನೋಡಿರಂತೆ" ಎಂದೆ. ಅದನ್ನು ಕೂರಿಸಲು ರುದ್ರಪ್ಪ ಪಟ್ಟ ಪಾಡು ಅವನಿಗೇ ಗೊತ್ತು. ವೆಲ್ಡಿಂಗ್ ಮಾಡಿ ಇಂಜಿನ್ನಿಗೆ ಹೊಸ ಆಧಾರ ಕೊಟ್ಟ. ಗಾಳಿ ಎಳೆಯುವ ಪೈಪು ಮುಂದೆ ಕೂರದೆ, ಅದನ್ನು ಸುತ್ತಿಸಿ ಕ್ಯಾಬಿನ್ ಹಿಂದೆ ತಂದು ಮೇಲಕ್ಕೆ ಬಾಯಿ ಮಾಡಿದ. "ಇಲ್ಲಿ ಧೂಳ ಕಡಿಮಿ, ಚಲೋನ ಆತು ಬಿಡ್ರಿ" ಎಂದ.

ಗಾಡಿ ಶುರುವಾಯಿತು. ಖಾಲಿ ಓಡಿಸಿದೆವು, ಕುದುರೆ. ಜೋಳದ ಮೂಟೆ ಹೇರಿ ಓಡಿಸಿದೆವು, ಆಗಲೂ ಕುದುರೆಯೇ. ನಾನು ಮೀಸೆಯ ಮೇಲೆ ಕೈಯಾಡಿಸಿದೆ. ಮರುದಿನ ಮಲ್ಲಿಗೆ ಹೇರಿಕೊಂಡು ಹೊರಟಿತು ನೋಡಿ, ಹರಪನಹಳ್ಳಿ ದಾರಿಯ ಏರು ಬಂದದ್ದೇ ಉಸ್ಸೆಂದಿತು. ಕರಿ ಹೊಗೆ ಉಗುಳುತ್ತ, ನೆಗಡಿ ಬಂದವರಂತೆ ಕೊಸರಾಡುತ್ತ ತೆವಳಿತು. ಡ್ರೈವರ್ ಮಾಬೂಸಾಬ ಇಳಿದು ನೋಡಿದ, ಏನೂ ಕಾಣಲಿಲ್ಲ. ಹೂವು ಅರಳಿಕೊಂಡು ಮಾರ್ಕೆಟ್ ಮುಟ್ಟಿತು.

ಜೋಳದ ಮೂಟೆ ಎಳೆಯುವ ಗಾಡಿಗೆ ಹೂವು ಭಾರವೇ? ನಾನು ತನಿಖೆಗೆ ಇಳಿದೆ. ಡೀಸೆಲ್ ಫಿಲ್ಟರ್ ಬೇರೆ ಹಾಕಿಸಿದೆ. ನಾಜಲ್ ತೊಳೆಸಿದೆ. ಪಂಪಿನ ಟೈಮಿಂಗ್ ನೋಡಿಸಿದೆ. ಸೈಲೆನ್ಸರ್ ಕಟ್ಟಿಕೊಂಡಿದೆಯೇ, ಕ್ಲಚ್ ಜಾರುತ್ತಿದೆಯೇ, ಬ್ರೇಕ್ ಹಿಡಿದಿದೆಯೇ, ಎಲ್ಲ ಕೇಳಿಸಿಕೊಂಡು ರುದ್ರಪ್ಪ ಎಲ್ಲವನ್ನೂ ನೋಡಿದ. ಏರ್ ಫಿಲ್ಟರ್ ಕೂಡ ಬಿಚ್ಚಿದ, ಹೊಸದರ ಹಾಗೇ ಇತ್ತು. ಪ್ರತಿಸಲವೂ ಖಾಲಿ ಗಾಡಿ ಓಡಿಸಿ ಬಂದು, "ಅಣ್ಣಾರ, ನನ್ನ ಕೈಯಾಗ ಇದ್ದಾಗ ಇದಕ್ಕ ಏನೂ ರೋಗ ಇಲ್ಲ ನೋಡ್ರಿ" ಎನ್ನುತ್ತಿದ್ದ. ಮರುದಿನ ಮಲ್ಲಿಗೆ ಹೇರಿದರೆ ಅದೇ ರಗಳೆ, ಅದೇ ಹೊಗೆ.

ಓಣಿಯವರೂ ಸುಮ್ಮನಿರಲಿಲ್ಲ. ಈ ಇಂಜಿನ್ ಮೊದಲು ಮೀನಿನ ಗಾಡಿಯಲ್ಲಿತ್ತಂತೆ, ಅದಕ್ಕೇ ಹೂವಿಗೆ ಒಗ್ಗುತ್ತಿಲ್ಲ ಎಂದು ಯಾರೋ ಹಬ್ಬಿಸಿದರು. ನಗಬೇಡಿ, ನಾನೂ ಒಂದು ದಿನ ಪೂರ್ತಿ ಅದನ್ನು ನಂಬಿದ್ದೆ. ಇಂಜಿನ್ನಿಗೆ ಸೋಪಿನ ನೀರು ಹೊಡೆಸಿ, ಊದುಬತ್ತಿ ಹಚ್ಚಿ ಬಂದೆ. ಮಾಬೂ ನನ್ನನ್ನೇ ದುರುಗುಟ್ಟಿ ನೋಡಿ, "ಸರ, ಇಂಜಿನ್ನಿಗೆ ಮೂಗ ಎಲ್ಲಿ ಐತ್ರೀ?" ಎಂದು ಕೇಳಿದ. ಎಂಥ ಪ್ರಶ್ನೆ ಕೇಳಿಬಿಟ್ಟಿದ್ದ ಮಾರಾಯ! ಅಲ್ಲೇ ಹುಡುಕಿದ್ದರೆ ಆಗಿಹೋಗುತ್ತಿತ್ತು. ನಾನು ಅವನಿಗೆ ಬೈದು ಕಳಿಸಿದೆ.

ಅಷ್ಟರಲ್ಲಿ ಒಬ್ಬೊಬ್ಬರೇ ರೈತರು ಬೇರೆ ಗಾಡಿಗೆ ಹೂವು ಹಾಕತೊಡಗಿದ್ದರು. ಮುಖಕ್ಕೆ ಹೇಳುವ ಜನವಲ್ಲ, ಇವತ್ತು ಹೂವು ಕಡಿಮೆ ಎಂದು ನುಣುಚಿಕೊಳ್ಳುತ್ತಿದ್ದರು. ಭಾವ ಉಣ್ಣುವಾಗ ತಟ್ಟೆ ನೋಡುತ್ತಲೇ, "ನಿನ್ನ ತಮ್ಮ ಆರಿಸಿದ ಇಂಜಿನ್ ಅಲ್ಲೇನು? ಗುಜರಿಯಿಂದ ಬಂದೈತಿ, ಗುಜರಿಗೇ ಹಾಕು" ಎಂದ. ನಾನು ಪಕ್ಕದಲ್ಲೇ ಕೂತಿದ್ದೆ. ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಅಕ್ಕ ತನ್ನ ತಟ್ಟೆ ಎತ್ತಿಕೊಂಡು ಎದ್ದಳು. ಕೈ ತೊಳೆದುಕೊಂಡು ಬಂದು ಹೇಳಿದಳು: "ಶ್ರಾವಣದ ಮೊದಲನೇ ಸೋಮವಾರ ನೋಡೂಣು. ಅವತ್ತೂ ಹೂವು ಅರಳಿ ಹೋದ್ರ, ಗಾಡಿ ಮಾರಿಬಿಡ್ತೀನಿ. ಮತ್ತ ಮಂದಿ ಗಾಡಿ ಹಾದಿ ಕಾಯ್ತೀನಿ." ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆ ಸೋಮವಾರ ನಾನೂ ಗಾಡಿ ಹತ್ತಿದೆ, ಸ್ಕ್ರೂಡ್ರೈವರ್, ಪಾನಾ ಸಮೇತ. ಮಾಬೂ, ನಾನು, ಅಕ್ಕ, ಮೂವರೂ ಕ್ಯಾಬಿನ್ನಿನಲ್ಲಿ. ಏರು ಬಂತು, ಗಾಡಿ ಉಸ್ಸೆಂದಿತು. ನನ್ನ ಎದೆಯೂ ಹಾಗೇ ಉಸ್ಸೆಂದಿತು. ಗಾಡಿ ಬದಿಗೆ ನಿಲ್ಲಿಸಿ ನಾನು ಮುಂದೆ ಇಳಿದು ಡೀಸೆಲ್ ಪೈಪಿನ ನಟ್ಟು ಸಡಿಲಿಸಿ, ಕೈಪಂಪು ಒತ್ತಿ, ಒಳಗೆ ಸೇರಿದ ಗಾಳಿ ತೆಗೆಯತೊಡಗಿದೆ. ಮೈಯೆಲ್ಲ ಡೀಸೆಲ್. ಅಕ್ಕ ಕೊಡ ಹಿಡಿದು ಹೂವಿನ ಚೀಲಗಳಿಗೆ ನೀರು ಚಿಮುಕಿಸಲು ಹಿಂದೆ ಹೋದಳು. ನಾನು ನಟ್ಟು ಬಿಗಿ ಮಾಡಿ, ಗಾಡಿ ಶುರು ಮಾಡಿಸಿ, "ರೇಸ್ ಕೊಡೋ ಮಾಬೂ!" ಎಂದು ಕೂಗಿದೆ. ಅದೇ ಕೊಸರಾಟ, ಅದೇ ಹೊಗೆ. ಇನ್ನೊಂದು ಸುತ್ತು ಬಿಗಿದು, "ಕೊಡೋ, ಇನ್ನೂ ಕೊಡು!" ಎಂದೆ. ಇದ್ದಕ್ಕಿದ್ದಂತೆ ಇಂಜಿನ್ ಘರ್ಜಿಸಿತು! ಹೊಗೆ ಬೆಳ್ಳಗಾಯಿತು, ಆಮೇಲೆ ಅದೂ ಇಲ್ಲ. "ಸಿಕ್ತು! ಸಿಕ್ತಲೇ!" ಎಂದು ನಾನು ರಸ್ತೆಯಲ್ಲೇ ಕುಣಿದೆ. ಅಕ್ಕ ಹಿಂದಿನಿಂದ ಬಂದು ನನ್ನ ಡೀಸೆಲ್ ಮುಖವನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತಳು. "ಸಿಕ್ತೇನು? ಶಾಣ್ಯಾ ಅದೀ ಬಿಡು. ಹತ್ತು, ಹೊತ್ತಾತು" ಎಂದಳು.

ಮೊಗ್ಗು ಮೊಗ್ಗಾಗಿಯೇ ದಾವಣಗೆರೆಯಲ್ಲಿ ಇಳಿಯಿತು. ಅಂದಿನಿಂದ ಗಾಡಿ ಒಮ್ಮೆಯೂ ಕೈ ಕೊಡಲಿಲ್ಲ. ಹೋದ ರೈತರು ತಿರುಗಿ ಬಂದರು. ಬಂದವರಿಗೆಲ್ಲ ಅಕ್ಕ, "ನನ್ನ ತಮ್ಮ ಸರಿ ಮಾಡಿದ್ನಪ, ಮೇಸ್ತ್ರಿ ಕೈಲೂ ಆಗಿರಲಿಲ್ಲ" ಎಂದು ಹೇಳಿದಳು. ಭಾವನ ಮುಂದೆ ಎರಡು ಸಲ ಹೇಳಿದಳು. ಹಾಗೆ ಹುಟ್ಟಿದ ಡಾಕ್ಟರು ನಾನು.

ಈಗ ಹೋದ ವಾರದ ಕೂಗಿಗೆ ಬರೋಣ. ಹಮಾಲ ಕ್ಯಾಬಿನ್ ಹಿಂದೆ ಒದ್ದೆ ಚೀಲ ಇಳಿಬಿಡಲು ಹೋದಾಗ ಅಕ್ಕ ಕೂಗಿದ್ದು ಇಷ್ಟೇ: "ಲೇ, ಆ ಪೈಪಿನ ಬಾಯಿ ಮ್ಯಾಲೆ ಹಾಕಬ್ಯಾಡೋ! ಮೊದಲಿನಂಗ ಗಾಡಿಗೆ ಉಸಿರು ಕಟ್ಟತೈತಿ!"

ನನ್ನ ಕೈಯ ಚಹಾ ಅಲ್ಲೇ ನಿಂತಿತು. "ಮೊದಲಿನಂಗ ಅಂದ್ರ?" ಎಂದೆ. ಅಕ್ಕ ನಾಲಿಗೆ ಕಚ್ಚಿಕೊಂಡಳು. ಬಿಡಿಸಿ ಬಿಡಿಸಿ ಕೇಳಿದ ಮೇಲೆ ಹೇಳಿದಳು. ಅವತ್ತು ನಾನು ಮುಂದೆ ರೇಸ್ ಕೊಡಿಸುವಾಗ, ಕ್ಯಾಬಿನ್ ಬೆನ್ನಿಗೇ ಇರುವ ಆ ಕಟಕಟೆಗೆ ಕಟ್ಟಿದ್ದ ಒದ್ದೆ ಚೀಲ ಕರು ಕೆಚ್ಚಲಿಗೆ ಬಾಯಿ ಹಾಕಿದ ಹಾಗೆ ಪೈಪಿನ ಬಾಯಿಗೆ ಕಚ್ಚಿಕೊಂಡಿದ್ದು ಅವಳ ಕಣ್ಣಿಗೆ ಬಿತ್ತಂತೆ. ಕಿತ್ತು ಹೂವಿನ ಮೇಲೆ ಎಸೆದಳು. ಗಾಡಿ ಘರ್ಜಿಸಿದ್ದು ಆಗ. ಹಳೆ ಇಂಜಿನ್ ಇದ್ದಾಗ ಅಲ್ಲಿ ಪೈಪೇ ಇರಲಿಲ್ಲ, ಚೀಲ ಎಲ್ಲಿ ಇಳಿಬಿದ್ದರೂ ನಡೆಯುತ್ತಿತ್ತು. ಇಂಜಿನ್ ಬಂದ್ ಮಾಡಿ ಇಳಿದು ನೋಡಿದರೆ ಚೀಲ ತಾನೇ ಸಡಿಲವಾಗಿ ನೇತಾಡುತ್ತಿತ್ತು. ಜೋಳಕ್ಕೆ ಒದ್ದೆ ಚೀಲ ಯಾರು ಹೊದಿಸುತ್ತಾರೆ? ನಾನು ಇಂಜಿನ್ನಿನ ಹೊಟ್ಟೆಯನ್ನೆಲ್ಲ ಬಗೆದು ನೋಡಿದ್ದೆ, ಅದರ ಮೂಗಿಗೆ ನಾವೇ ಬಟ್ಟೆ ಒತ್ತಿ ಹಿಡಿದಿದ್ದೆವು.

"ಮಾಬೂಗ ಗೊತ್ತೇನು?"

"ಮಾಬೂಗ ಗೊತ್ತು. ರುದ್ರಪ್ಪಗೂ ಹೇಳೀನಿ. ಇಲ್ಲಾಂದ್ರ ಅವ ಪಾಪ, ನಿದ್ದಿ ಬಿಟ್ಟಿದ್ದ."

ಅಯ್ಯೋ ಶಿವನೇ! ಅಂದರೆ ನಾನು ರೋಗಿಗಳನ್ನು ಕಳಿಸಿದಾಗಲೆಲ್ಲ ರುದ್ರಪ್ಪ ಒಳಗೊಳಗೇ ಎಷ್ಟು ನಕ್ಕಿರಬೇಡ. ಕಿವಿ ಬಿಸಿಯಾಗಿ, "ನನಗ್ಯಾಕ ಹೇಳಲಿಲ್ಲ?" ಎಂದು ಅಕ್ಕನ ಮೇಲೆ ರೇಗಿದೆ.

ಅಕ್ಕ ಒದ್ದೆ ಚೀಲ ಹಿಂಡುತ್ತ ಹೇಳಿದಳು: "ಊಟಕ್ಕ ಕುಂತಾಗ ಅವರು ಅಂದದ್ದು ನೆನಪೈತಿಲ್ಲ? ನಿನ್ನ ಗಂಟಲದಾಗ ರೊಟ್ಟಿ ಇಳಿಯಲಿಲ್ಲ, ನಾ ನೋಡಿದ್ನಿ. ಅವತ್ತು ರಸ್ತೆದಾಗ ಕುಣಿಯಾಕ ಹತ್ತಿದ್ದೆಲ್ಲ, ಆ ಮುಖಕ್ಕ ಚೀಲ ತೋರಿಸಲೇನು ನಾನು? ಗಾಡಿ ಹೆಂಗೂ ಏರು ಹತ್ತಿತ್ತು. ನೀನೂ ಹತ್ತಲಿ ಬಿಡು ಅಂದ್ಕೊಂಡ್ನಿ."

ರೇಗಿದ್ದೆಲ್ಲ ಎಲ್ಲಿ ಹೋಯಿತೋ. ಗಾಡಿ ಕಳೆದುಕೊಳ್ಳಲಿದ್ದವಳು ಅವಳು. ಆ ಹೊತ್ತಿನಲ್ಲೂ ನನ್ನ ತಟ್ಟೆಯ ಮೇಲೆ ಅವಳ ಕಣ್ಣಿತ್ತು. ನಾನು ಆರಿದ ಚಹಾ ಕುಡಿಯುತ್ತ ಕೂತೆ. ಕಣ್ಣು ಒದ್ದೆಯಾಗಿದ್ದನ್ನು ಅವಳು ನೋಡಲಿಲ್ಲ ಎಂದುಕೊಂಡಿದ್ದೇನೆ. ನೋಡಿಯೂ ಸುಮ್ಮನಿದ್ದಿರಬಹುದು, ಅವಳ ರೂಢಿಯೇ ಅದಲ್ಲವೇ.

ಅದೇ ಹೊತ್ತಿಗೆ ಗೇಟಿನ ಬಳಿ ಪಕ್ಕದ ಮನೆಯ ಬಸಣ್ಣ ಬಂದು ನಿಂತ. "ಡಾಕ್ಟ್ರ, ಟ್ರ್ಯಾಕ್ಟರ್ ಯಾಕೋ ಜಗ್ಗವಲ್ದು. ಒಂಚೂರು ಬಂದು ನೋಡ್ರಿ" ಎಂದ. ಅಕ್ಕ ಬೇರೆಲ್ಲೋ ನೋಡುತ್ತ, "ಹೋಗು, ನೋಡಿ ಬಾ" ಎಂದಳು. ಮುಖದಲ್ಲಿ ನಗುವಿನ ಸುಳಿವೂ ಇಲ್ಲ. ನಾನು ರೂಢಿಯಂತೆ ಸ್ಕ್ರೂಡ್ರೈವರಿಗಾಗಿ ಗಾಡಿಯೊಳಗೆ ಕೈ ಚಾಚಿದವನು ಹಾಗೇ ಬಿಟ್ಟೆ.

"ಅಕ್ಕಾ," ಎಂದೆ, "ನೀನೂ ಬಾ."

ಅವಳು ಕೈ ಸೆರಗಿಗೆ ಒರೆಸಿಕೊಂಡು ಎದ್ದಳು.