ಹೌಕಿಸಾಲ್ಮಿ ಕಡವಿನ ಮೂರು ಪೆಟ್ಟು

ಫಿನ್ಲೆಂಡಿನ ಈ ಸರೋವರಗಳ ಸೀಮೆಯಲ್ಲಿ ಗರಸು ರಸ್ತೆಯ ಮರ್ಮವನ್ನು ಬಲ್ಲೆವೆಂದು ಹೇಳಿಕೊಳ್ಳುವವರು ಹಲವರಿದ್ದಾರೆ. ಬಲ್ಲವರೆಂದು ಇತರರು ಒಪ್ಪಿಕೊಂಡದ್ದು ಶ್ರೀ ಆರ್ಮಸ್ ಹಿರ್ವೆಲಾ ಅವರೊಬ್ಬರನ್ನೇ. ಯುದ್ಧ ಮುಗಿದ ಮರುವರ್ಷ ಕುದುರೆ ಎಳೆಯುವ ಹಲಗೆಯಿಂದ ರಸ್ತೆ ಸಮ ಮಾಡುವ ಕೆಲಸಕ್ಕೆ ಸೇರಿ, ಮೂವತ್ತಮೂರು ವರ್ಷಗಳ ತರುವಾಯ ಹೌಕಿಸಾಲ್ಮಿ ವಿಭಾಗದ ರಸ್ತೆ ಮೇಸ್ತ್ರಿಯಾಗಿ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಬೂಟಿನ ಅಟ್ಟೆಯಿಂದಲೇ ಮಣ್ಣಿನ ತೇವವನ್ನು ಹೇಳಬಲ್ಲ ಈ ಹಿರಿಯರ ಬಗ್ಗೆ ಬರೆಯಲು ಈ ಅಭಿನಂದನಾ ಸಂಪುಟದ ಸಂಪಾದಕ ಮಂಡಳಿಯವರು ನನ್ನನ್ನು ಕೇಳಿದಾಗ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಸ್ಥಿತಿ ನನ್ನದಾಯಿತು. ಯಾಕೆಂಬುದನ್ನು ಮುಂದೆ ಹೇಳುತ್ತೇನೆ.

ಇದೇ ಸಂಪುಟದ ಮೊದಲ ಪುಟಗಳಲ್ಲಿ ಅವರ ಸೇವಾವಿವರ ಅಚ್ಚಾಗಿದೆ. ಅದರಲ್ಲಿ ಒಂದು ಸಾಲು ಹೀಗಿದೆ: 'ಆಗಸ್ಟ್ ೧೯೫೭. ಅಂತರರಾಷ್ಟ್ರೀಯ ಕಾರು ರ್‍ಯಾಲಿಯ ಸಮಯ ದಾಖಲಿಸುವ ಠಾಣೆಯಲ್ಲಿ ಕರ್ತವ್ಯದ ಸ್ಥಳ ಬಿಟ್ಟುಹೋದ ಕಾರಣ ಮೂರು ವರ್ಷ ಠಾಣೆಯ ಹೊಣೆಯಿಂದ ದೂರವಿಡಲಾಯಿತು.' ಇಷ್ಟು ಉದ್ದದ ಸೇವೆಯಲ್ಲಿ ಕಪ್ಪು ಚುಕ್ಕೆ ಇದೊಂದೇ. ಆ ಚುಕ್ಕೆಯ ಕತೆಯನ್ನು ಪೂರ್ತಿ ಬಲ್ಲವರು ಇಬ್ಬರು. ಒಬ್ಬರು ಹೇಳುವವರಲ್ಲ. ಇನ್ನೊಬ್ಬ ನಾನು; ಇಪ್ಪತ್ತೆರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಆ ವರ್ಷ ಮೊದಲ ಬಾರಿಗೆ ಹೊರದೇಶದವರು ನಮ್ಮ ರ್‍ಯಾಲಿಗೆ ಬಂದಿದ್ದರು. ಚರ್ಚಿನ ಮುಂದಿನ ಕಲ್ಲುಹಾಸಿನಿಂದ ಹೊರಟ ದಾರಿ ಒಂದಷ್ಟು ಡಾಂಬರು ದಾಟಿ ಗರಸಿಗೆ ಬೀಳುತ್ತಿತ್ತು. ಆಮೇಲೆ ಮರಳುದಿಬ್ಬ, ಅದರಾಚೆ ಮಳೆ ಬಿದ್ದರೆ ಚಕ್ರ ಕಚ್ಚುವ ಜೇಡಿ. ಈ ದಾರಿಯನ್ನು ಹದಕ್ಕೆ ತಂದವರು ಹಿರ್ವೆಲಾ ಅವರೇ. ತಿಂಗಳ ಕಾಲ ನಯ ಮಾಡಿದ ರಸ್ತೆಯನ್ನು ಒಂದು ಮಧ್ಯಾಹ್ನದಲ್ಲಿ ಕಿತ್ತುಹಾಕುವ ಆಟ ಅವರಿಗೆ ಇಷ್ಟವಿರಲಿಲ್ಲ. ಆದರೂ ಹೌಕಿಸಾಲ್ಮಿ ಕಡವಿನ ಆಚೆ ದಡದಲ್ಲಿ ಕಾರುಗಳ ಸಮಯ ಬರೆಯುವ ಠಾಣೆಯ ಹೊಣೆಯನ್ನು ಕೇಳಿ ಪಡೆದರು. 'ಹಾಳಾಗೋದನ್ನ ಕಣ್ಣಾರೆ ನೋಡಿದ್ರೆ ತಾನೆ ಸರಿಮಾಡೋಕಾಗೋದು' ಎಂದರಂತೆ.

ಕಡವಿನಲ್ಲಿ ಆಗ ಸೇತುವೆಯಿರಲಿಲ್ಲ. ನೀರಿನ ಮೇಲೆ ಬಿಗಿದ ಉಕ್ಕಿನ ಹಗ್ಗವನ್ನು ಕಚ್ಚುಕೊರೆದ ಮರದ ತುಂಡಿನಿಂದ ಹಿಡಿದು ಜಗ್ಗುತ್ತ ಅಂಬಿಗ ಟಾವೆಟ್ಟಿ ಕಾರು ಹೊರುವಷ್ಟು ದೊಡ್ಡ ತೆಪ್ಪವನ್ನು ದಾಟಿಸುತ್ತಿದ್ದ. ಹೋಗಲು ಐದು ನಿಮಿಷ, ಬರಲು ಐದು ನಿಮಿಷ. ಈ ದಡದಲ್ಲಿ ರೈಲು ಕಂಬಿಯ ತುಂಡೊಂದು ತೂಗುತ್ತಿತ್ತು, ಪಕ್ಕದಲ್ಲಿ ಸರಪಳಿಗೆ ಕಟ್ಟಿದ ತುಕ್ಕು ಹಿಡಿದ ಸಲಾಕೆ. ಎರಡು ಪೆಟ್ಟು ಹೊಡೆದರೆ ಟಾವೆಟ್ಟಿ ಕೈಯಲ್ಲಿದ್ದುದನ್ನು ಮುಗಿಸಿ ಬರುತ್ತಿದ್ದ. ಅದು ಕಾಫಿಯಾಗಿರಬಹುದು, ಬಲೆಯ ಹೊಲಿಗೆಯಾಗಿರಬಹುದು. ಮೂರು ಪೆಟ್ಟು ಸೂಲಗಿತ್ತಿಗೆ ಮತ್ತು ವೈದ್ಯರಿಗೆ ಮಾತ್ರ. ಅದು ಕೇಳಿದರೆ ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಬರಬೇಕು. ಹಿಂದೊಮ್ಮೆ ಬಿಷಪ್ಪರೇ ಬಂದು ಎರಡು ಪೆಟ್ಟು ಹೊಡೆದು ಕಾದು ನಿಂತಿದ್ದರೆಂದು ಊರಿನವರು ಹೆಮ್ಮೆಯಿಂದ ಹೇಳುತ್ತಾರೆ.

ಕಾರು ಓಡಿಸುತ್ತಿದ್ದವನು ನನ್ನ ಗೆಳೆಯ ಒಸ್ಮೋ. ಪಕ್ಕದಲ್ಲಿ ನಕ್ಷೆ ಹಿಡಿದು ಕೂತವನು ನಾನು, ಇಪ್ಪತ್ತಮೂರರ ಹುಂಬ. ಅಲ್ಲಿಯವರೆಗೆ ನಾವೇ ಮುಂದಿದ್ದೆವು; ನಮ್ಮ ಬೆನ್ನಿಗೆ ಇದ್ದದ್ದು ಸ್ವೀಡನ್ನಿನ ಜೋಡಿ. ಮರಳುದಿಬ್ಬದಲ್ಲಿ ಚಕ್ರ ಪಂಕ್ಚರಾಗಿ, ಬದಲಿಸಿ ಕಡವಿಗೆ ಬರುವಾಗ ಆಚೆ ದಡದ ಠಾಣೆ ಮುಟ್ಟಲು ಉಳಿದದ್ದು ಹನ್ನೊಂದು ನಿಮಿಷ. ತೆಪ್ಪ ಆಚೆ ದಡದಲ್ಲಿತ್ತು.

"ಎರಡು ಹೊಡೆದ್ರೆ ಆ ಮುದುಕ ಕಾಫಿ ಕುಡಿದು, ಬಟ್ಟಲು ತೊಳೆದು ಬರ್ತಾನೆ ಕಣೋ," ಎಂದ ಒಸ್ಮೋ. "ಹೋಯ್ತು ನಮ್ಮ ರ್‍ಯಾಲಿ."

ಅವನು ಮೂರು ಹೊಡೆ ಎನ್ನಲಿಲ್ಲ. ಇಳಿದು ಹೋಗಿ ಸಲಾಕೆ ಹಿಡಿದು ಮೂರು ಹೊಡೆದವನು ನಾನೇ.

ಟಾವೆಟ್ಟಿ ಬಿರುಸಿನಿಂದ ಹಗ್ಗ ಜಗ್ಗುತ್ತ ಬಂದ. ದಡದಲ್ಲಿ ಸೂಲಗಿತ್ತಿಯ ಬದಲು ಕೆಸರು ಮೆತ್ತಿದ ಕಾರನ್ನು ಕಂಡು ಅವನ ಮುಖ ಗಂಟಿಕ್ಕಿತು.

"ಯಾರಪ್ಪ ಬಸುರಿ? ನೀನಾ, ಅವನಾ?" ಎಂದು ಕೇಳಿ, ಕಾರನ್ನು ಹತ್ತಿಸಿಕೊಂಡು ಮತ್ತೆ ಹಗ್ಗ ಹಿಡಿದ.

ಆಚೆ ದಡ ಮುಟ್ಟಿದಾಗ ಒಂದು ನಿಮಿಷ ಉಳಿದಿತ್ತು. ಹಿರ್ವೆಲಾ ಅವರು ಮುದ್ರೆ ಹಾಕಿ ಮುಚ್ಚಿದ ಗಡಿಯಾರದ ಮುಂದೆ ಪೆನ್ಸಿಲು ಹಿಡಿದು ಕೂತಿದ್ದರು. ಓಡಿಹೋಗಿ ಸಮಯ ಬರೆಸುವ ಚೀಟಿ ಚಾಚಿದೆ. ಅದರ ಮೇಲೆ ನನ್ನ ಹೆಬ್ಬೆರಳಿನ ತುಕ್ಕು ಕೆಂಪಗೆ ಮೂಡಿತ್ತು. ಅವರು ಆ ಗುರುತನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಪೆನ್ಸಿಲು ಕಾಗದಕ್ಕೆ ತಾಕಬೇಕು, ಅಷ್ಟರಲ್ಲಿ ನಾವು ಬಿಟ್ಟುಬಂದ ದಡದಿಂದ ಕಂಬಿಯ ಸದ್ದು ಕೇಳಿಸಿತು. ಒಂದು, ಎರಡು, ಮೂರು.

"ಇನ್ನೊಬ್ಬ ರ್‍ಯಾಲಿ ಬಸುರಿ," ಎಂದು ಟಾವೆಟ್ಟಿ ಕಲ್ಲಿನ ಮೇಲೆ ಕೂತು ಪೈಪು ತೆಗೆದ. "ಕಾಯ್ಲಿ. ನಾನಿನ್ನು ಎರಡಕ್ಕೂ ಏಳೋದಿಲ್ಲ, ಮೂರಕ್ಕೂ ಏಳೋದಿಲ್ಲ."

ಹಿರ್ವೆಲಾ ಅವರು ಪೆನ್ಸಿಲು ಕೆಳಗಿಟ್ಟರು. ನನ್ನ ಚೀಟಿಯನ್ನು ಗಡಿಯಾರದ ಅಡಿಗೆ ಸೇರಿಸಿ, ಎದ್ದು, ತೆಪ್ಪಕ್ಕೆ ಹೋಗಿ ತಾವೇ ಹಗ್ಗ ಹಿಡಿದರು.

"ಮೇಸ್ತ್ರೇ, ಒಂದ್ ಅಂಕಿ ಬರೆದು ಹೋಗಿ," ಎಂದು ಒಸ್ಮೋ ಕೂಗಿದ. ಅವರು ತಿರುಗಿ ನೋಡಲಿಲ್ಲ. ಠಾಣೆಯವನು ತನ್ನ ಜಾಗ ಬಿಟ್ಟು ಕದಲಬಾರದೆಂಬುದು ನಿಯಮಪುಸ್ತಕದ ಮೊದಲ ಪುಟದಲ್ಲೇ ಇತ್ತು.

ಆ ದಡದಲ್ಲಿ ನಿಂತಿದ್ದವರು ಸೂಲಗಿತ್ತಿ ಹಿಲ್ಮಾ ಅವರೇ. ನಾವು ನಡುನೀರಿನಲ್ಲಿದ್ದಾಗ ಸೈಕಲ್ಲಿನಲ್ಲಿ ಬಂದು, ತಮಗಾಗಿ ಇದ್ದ ತೆಪ್ಪ ದೂರ ಹೋಗುವುದನ್ನು ನೋಡಿದ್ದರು. ಹಿರ್ವೆಲಾ ಅವರು ಅವರನ್ನು ಕರೆತರುವಾಗ, ತೆಪ್ಪದಲ್ಲಿ ಜಾಗವಿತ್ತೆಂದು, ಅಷ್ಟರಲ್ಲಿ ಬಂದು ಟೋಪಿ ತೆಗೆದು ಸುಮ್ಮನೆ ನಿಂತಿದ್ದ ಸ್ವೀಡನ್ನಿನವರ ಕಾರನ್ನೂ ಹತ್ತಿಸಿಕೊಂಡರು. ದಡ ಮುಟ್ಟಿದ ಮೇಲೆ ಆ ಕಾರಿನಲ್ಲೇ ಹಿಲ್ಮಾ ಅವರನ್ನು ಕಾಲು ಮೈಲಿಯಾಚೆಯ ಬಸುರಿಯ ಮನೆಗೆ ಕಳಿಸಿದರು. ಕೂಸಿನ ಕೊರಳಿಗೆ ಕರುಳುಬಳ್ಳಿ ಸುತ್ತಿತ್ತಂತೆ. ಸಂಜೆ ನಾನು ಆ ಮನೆಯತ್ತ ಹೋದಾಗ ಹಿಲ್ಮಾ ಅವರು ಬಾಗಿಲಲ್ಲಿ ನಿಂತು, "ಇನ್ನೊಂದು ಕಾಲು ಗಂಟೆ ತಡವಾಗಿದ್ರೆ ನಾನು ಬಂದು ಸತ್ತ ಕೂಸಿನ ಮೈ ತೊಳೆಯೋದಷ್ಟೇ ಇತ್ತು," ಎಂದದ್ದನ್ನು ನಾನೇ ಕೇಳಿದ್ದೇನೆ.

ಹಿರ್ವೆಲಾ ಅವರು ಮೇಜಿಗೆ ಬಂದು, ಕೈ ಒರೆಸಿಕೊಂಡು, ಗಡಿಯಾರ ನೋಡಿ ಅದು ತೋರಿದ ಸಮಯವನ್ನೇ ನಮ್ಮ ಚೀಟಿಯಲ್ಲಿ ಬರೆದರು. ಹನ್ನೊಂದು ನಿಮಿಷ ತಡ. ನಮ್ಮ ಹಿಂದೆ ಹೊರಟಿದ್ದ ಸ್ವೀಡನ್ನಿನವರು ಮರಳಿ ಬಂದು ತಮ್ಮ ಚೀಟಿ ಕೊಟ್ಟಾಗಲೂ ಅವರ ಸಮಯ ಮೀರಿರಲಿಲ್ಲ. ಗೆದ್ದವರು ಅವರೇ. ಕೈಗೆ ಬಂದ ತುತ್ತು ನಮ್ಮ ಬಾಯಿಗೆ ಬರಲಿಲ್ಲ.

ಆಯೋಜಕರು ನಮ್ಮನ್ನು ಕರೆದು, ತಕರಾರು ಬರೆದುಕೊಟ್ಟರೆ ಸಮಯ ಸರಿಪಡಿಸುತ್ತೇವೆ ಎಂದರು. ಒಸ್ಮೋ ಬರೆಯೋಣ ಎಂದ. ನಾನು ಬೇಡ ಎಂದೆ. ತಕರಾರು ಬರೆದರೆ ವಿಚಾರಣೆ ನಡೆಯುತ್ತದೆ, ಟಾವೆಟ್ಟಿಯನ್ನು ಕರೆಸುತ್ತಾರೆ, ಕಂಬಿಯ ಸಂಗತಿ ಹೊರಬೀಳುತ್ತದೆ ಎಂಬ ಅಂಜಿಕೆ. ಅದನ್ನು ಮಂದಿ ನನ್ನ ದೊಡ್ಡತನ ಎಂದರು! ನಾನು ಆ ಹೊಗಳಿಕೆಯನ್ನೂ ಬೇಡವೆನ್ನಲಿಲ್ಲ. ಅತ್ತ ಹಿರ್ವೆಲಾ ಅವರ ವರದಿಯಲ್ಲಿದ್ದದ್ದು ಎರಡೇ ಸಾಲು: 'ಠಾಣೆಯವನು ಹನ್ನೆರಡು ನಿಮಿಷ ಮೇಜಿನ ಬಳಿ ಇರಲಿಲ್ಲ. ತಪ್ಪು ಠಾಣೆಯವನದು.' ಸೂಲಗಿತ್ತಿಯ ಹೆಸರೂ ಇಲ್ಲ. ಅವರ ಹೆಸರು ಬರೆದರೆ ಮೊದಲ ಮೂರು ಪೆಟ್ಟು ಯಾರದೆಂಬ ಪ್ರಶ್ನೆ ಏಳುತ್ತಿತ್ತು.

ನಾಲ್ಕು ವರ್ಷದ ಮೇಲೆ ಹಿರ್ವೆಲಾ ಅವರ ವಿಭಾಗದಲ್ಲೇ ಕೆಲಸಕ್ಕೆ ಅರ್ಜಿ ಹಾಕುವ ಗತಿ ನನಗೆ ಬಂತು. ಅರ್ಜಿ ಓದಿ ನನ್ನ ಹೆಬ್ಬೆರಳನ್ನೊಮ್ಮೆ ನೋಡಿದರೆಂದು ನನಗನ್ನಿಸಿತು. ನನ್ನ ಭ್ರಮೆಯೂ ಇರಬಹುದು. "ಸೋಮವಾರ ಬಾ. ಬೂಟು ಒಳ್ಳೇದಿರ್ಲಿ," ಎಂದರು. ಮೊದಲ ಚಳಿಗಾಲದಲ್ಲಿ ತಮ್ಮ ಕುರಿತುಪ್ಪಳದ ಟೋಪಿಯನ್ನು ನನ್ನ ತಲೆಗೆ ಹಾಕಿ, ತಾವು ಶಾಲು ಸುತ್ತಿಕೊಂಡು ಮಾರ್ಚ್‌ವರೆಗೆ ಕಳೆದರು. ಹಿಮ ಕರಗುವ ಕಾಲದಲ್ಲಿ ಲಾರಿಗಳಿಗೆ ದಾರಿ ಬೇಗನೆ ಬಿಟ್ಟುಕೊಟ್ಟು ಎರಡು ಮೈಲಿ ರಸ್ತೆಯನ್ನು ನಾನು ಗಂಜಿ ಮಾಡಿದಾಗಲೂ ಬೈಯಲಿಲ್ಲ. ಗುದ್ದಲಿ ಹಿಡಿದು ಪಕ್ಕದಲ್ಲಿ ಬಂದು ನಿಂತರು. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಐದು ವರ್ಷದ ಹಿಂದೆ, ಸೇತುವೆಯ ಕೆಲಸ ಶುರುವಾದ ದಿನ, ಧೈರ್ಯ ಮಾಡಿ ಕೇಳಿದೆ. "ಮೇಸ್ತ್ರೇ, ಅವತ್ತು ಪೆನ್ಸಿಲು ಕೈಲೇ ಇತ್ತು. ಬರೆಯೋಕೆ ಎರಡು ಸೆಕೆಂಡು ಸಾಕಾಗಿತ್ತು. ನನಗೆ ಬುದ್ಧಿ ಕಲಿಸ್ಬೇಕು ಅಂತಾನೇ ಬಿಟ್ರಾ?"

ಅವರು ಬೂಟಿನ ತುದಿಯಿಂದ ದಡದ ಮಣ್ಣನ್ನು ಒತ್ತಿ ನೋಡಿದರು. "ನಿನ್ನ ನೆನಪೇ ಇರ್ಲಿಲ್ಲ ಮಾರಾಯ ಆಗ. ಮೂರು ಪೆಟ್ಟು ಕೇಳಿದ್ರೆ ಕೈಲಿರೋದನ್ನ ಬಿಡೋದು. ಬರೆದು ಮುಗ್ಸಿ ಏಳೋದಾದ್ರೆ ಅದು ಎರಡು ಪೆಟ್ಟು."

ನಾನು ಕದ್ದದ್ದು ತೆಪ್ಪದ ಐದು ನಿಮಿಷವನ್ನಷ್ಟೇ ಅಲ್ಲ, ಆ ಮೂರನೆಯ ಪೆಟ್ಟಿನ ಮೇಲಿದ್ದ ಊರಿನ ನಂಬಿಕೆಯನ್ನು. ಟಾವೆಟ್ಟಿ ಕೂತಲ್ಲೇ ಕೂತಾಗ ಆ ನಂಬಿಕೆ ಸತ್ತಿತ್ತು. ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸಲು ಹಿರ್ವೆಲಾ ಅವರು ತಮ್ಮ ಹೆಸರಿಗೆ ಮಸಿ ಹಚ್ಚಿಕೊಂಡರು. ನನಗೆ ನಾಚಿಕೆಯಾಗುತ್ತದೆ. ಆದ್ದರಿಂದ ಓದುಗರಲ್ಲಿ ನನ್ನ ಬಿನ್ನಹ: ಸಂಪುಟದ ಮೊದಲ ಪುಟಗಳಿಗೆ ಮರಳಿ, ಆ ೧೯೫೭ರ ಸಾಲಿನ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಈ ಲೇಖನದ ಕೆಳಗಿರುವ ಹೆಸರನ್ನು ಬರೆದುಕೊಳ್ಳಬೇಕು.

ಸೇತುವೆ ಬಂದ ಮೇಲೆ ತೆಪ್ಪ ಹೋಯಿತು. ಆ ಕಂಬಿಯ ತುಂಡನ್ನು ಹಿರ್ವೆಲಾ ಅವರು ತಮ್ಮ ಮನೆಯ ಗೇಟಿಗೆ ತೂಗುಹಾಕಿದ್ದಾರೆ. ಅವರು ನೂರು ಹಿಮಗಾಲ ಕಾಣಲಿ. ಮಣ್ಣು ಮುಟ್ಟಿ ನೋಡುವ ಆ ಕೈಗಳಿಗೆ ಕೆಲಸ ತಪ್ಪದಿರಲಿ. ಈ ಸಂಪುಟ ಅಚ್ಚಾದ ದಿನ ಮೊದಲ ಪ್ರತಿ ಹಿಡಿದು ಅವರ ಗೇಟಿಗೆ ಹೋಗುತ್ತೇನೆ. ಎರಡೇ ಪೆಟ್ಟು ಹೊಡೆದು, ಅವರು ಕಾಫಿ ಮುಗಿಸಿ ಬರುವವರೆಗೆ ಕಾಯುತ್ತೇನೆ.

— ಯಾಲ್ಮರಿ ಕೊಸ್ಕೆಲೋ