ಹದಿನೇಳು ಜನರೂ ಒಂದೇ ಪಟದಲ್ಲಿ

ಅರವತ್ತೆಂಟು ತುಂಬಿದ ವರ್ಷ ಪೆಟ್ಕಾನಾ ಒಂದು ಹಟ ಹಿಡಿದಳು. ಹಟ ಅವಳಿಗೆ ಹೊಸದೇನಲ್ಲ. ಗಾಬ್ರೊವೊದ ಬಟ್ಟೆ ಗಿರಣಿಯಲ್ಲಿ ಮೂವತ್ತೊಂದು ವರ್ಷ ಮಗ್ಗ ನಡೆಸಿದವಳು. ಎಳೆ ಕಡಿದರೆ ಮೇಸ್ತ್ರಿ ಎಷ್ಟೇ ಕೂಗಾಡಲಿ, ಮಗ್ಗ ನಿಲ್ಲಿಸಿ ಗಂಟು ಹಾಕಿಯೇ ಮುಂದೆ ಹೋಗುತ್ತಿದ್ದವಳು. ಈ ಸಲದ ಹಟ ಒಂದು ಪಟದ ಮೇಲೆ. ಎರಡನೆಯ ಪಾಳಿಯಲ್ಲಿ ಜೊತೆಗೆ ದುಡಿದ ಹೆಂಗಸರಲ್ಲಿ ಅವಳೂ ಸೇರಿ ಹದಿನೇಳು ಮಂದಿ ಉಳಿದಿದ್ದರು. ಆ ಹದಿನೇಳೂ ಜನ ಒಂದೇ ಪಟದಲ್ಲಿರಬೇಕು, ಒಬ್ಬರೂ ಅಂಚಿನಲ್ಲಿ ಕತ್ತರಿಸಿಹೋಗಬಾರದು.

ಅದಕ್ಕೆ ಕಾರಣವಿತ್ತು. ದುಡಿಯುತ್ತಿದ್ದ ಕಾಲದಲ್ಲಿ, ಬಹುಮಾನ ಗೆದ್ದ ಅವರ ಪಾಳಿಯ ದೊಡ್ಡ ಪಟವೊಂದನ್ನು ಗಿರಣಿಯ ಗೋಡೆಗೆ ತೂಗುಹಾಕಿದ್ದರು. ಅದನ್ನು ತೆಗೆದ ಮಹಾಶಯನಿಗೆ ಹಿಂದೆ ಸರಿಯಲು ಜಾಗ ಸಾಲಲಿಲ್ಲವಂತೆ. ಎಡತುದಿಯಲ್ಲಿ ನಿಂತಿದ್ದ ಪೆಟ್ಕಾನಾಳ ಮೊಣಕೈ ಮಾತ್ರ ಪಟದಲ್ಲಿ ಬಂದಿತ್ತು. ಬಲತುದಿಯಲ್ಲಿದ್ದ ಗೆಳತಿ ತ್ಸೋನಾಳದು ಅರ್ಧ ಕಿವಿ. ಎಲ್ಲರೂ ನಕ್ಕರು. ಪೆಟ್ಕಾನಾಳೂ ನಕ್ಕಳು, ಆದರೆ ಮನಸ್ಸಿಗೆ ಬಹಳ ನೋವಾಗಿತ್ತು. ಆ ಚಳಿಗಾಲವೇ ಊರಿನ ವಾಚನಮಂದಿರದ ಫೋಟೋ ಕೂಟಕ್ಕೆ ಸೇರಿ ಫಿಲ್ಮ್ ತೊಳೆಯುವುದನ್ನು ಕಲಿತಳು.

ಈಗ ತ್ಸೋನಾಳ ಹೃದಯ ಕೈಕೊಡತೊಡಗಿತ್ತು. ಮುಂದಿನ ವರ್ಷ ನೋಡೋಣ ಎನ್ನುವ ಹಾಗಿರಲಿಲ್ಲ. ಎಲ್ಲರೂ ಸೇರುವುದು ವರ್ಷಕ್ಕೆ ಒಂದೇ ದಿನ, ಅಕ್ಟೋಬರಿನಲ್ಲಿ ಸಂತ ಪೆಟ್ಕಾಳ ಹಬ್ಬದಂದು, ಪೆಟ್ಕಾನಾಳ ಐದನೇ ಮಹಡಿಯ ಪುಟ್ಟ ಮನೆಯಲ್ಲಿ. ಅಲ್ಲಿನ ಕೋಣೆಯ ಅಗಲ ನಾಲ್ಕು ಮೀಟರ್, ಕ್ಯಾಮೆರಾ ಇಡಲು ಹಿಂದೆ ಸರಿದರೆ ಸಿಗುವುದು ಮೂರೇ ಮೀಟರ್. ಮಾಮೂಲಿ ಲೆನ್ಸಿಗೆ ಅರ್ಧ ಜನವೂ ಹಿಡಿಸುತ್ತಿರಲಿಲ್ಲ.

ಸೆಪ್ಟೆಂಬರಿನ ಒಂದು ಶನಿವಾರ ಅವಳು ಸೇತುವೆ ಬಳಿಯ ಹಳೇ ಸಾಮಾನಿನ ಸಂತೆಗೆ ಹೋದಳು. ಬೊಗೊಮಿಲ್ ಅಲ್ಲಿ ಕಂಬಳಿ ಹಾಸಿ ರಷ್ಯಾದ ಹಳೇ ಕ್ಯಾಮೆರಾಗಳನ್ನು ಸಾಲಾಗಿ ಇಟ್ಟಿದ್ದ.

"ಏನ್ ಚಿಕ್ಕಮ್ಮ, ಷೋಕೇಸಿಗಾ? ಇದು ನೋಡಿ, ಥಳಥಳ ಅಂತಿದೆ."

"ಷೋಕೇಸಲ್ಲಿ ಇಡೋಕೆ ನನ್ನ ಹಲ್ಲಿನ ಸೆಟ್ಟೇ ಇದೆ. ನಂಗೆ ಪಟ ತೆಗೆಯೋದು ಬೇಕು."

"ಮೊಬೈಲಲ್ಲಿ ತೆಗೀಬಾರ್ದಾ?"

"ಮೊಬೈಲು ಕೆಟ್ರೆ ಪಟಾನೂ ಹೋಗತ್ತೆ. ನಾನೇ ತೊಳೆದ ಫಿಲ್ಮು ನನ್ ಡಬ್ಬೀಲಿರತ್ತೆ. ಲೆನ್ಸ್ ಬಿಚ್ಚು."

ಥಳಥಳಿಸುವುದರ ಲೆನ್ಸ್ ಬಿಚ್ಚಿ, ಫಿಲ್ಮಿಗೆ ಬೆಳಕು ಬೀಳದಂತೆ ತಡೆಯುವ ಒಳಗಿನ ಕರಿ ಬಟ್ಟೆಯ ಪರದೆಯನ್ನು ಅವಳು ಬಿಸಿಲಿಗೆ ಹಿಡಿದಳು. ಬಟ್ಟೆಯ ವಿಷಯದಲ್ಲಿ ಪೆಟ್ಕಾನಾಳಿಗೆ ಟೋಪಿ ಹಾಕುವವರು ನಮ್ಮೂರಿನಲ್ಲಿ ಇನ್ನೂ ಹುಟ್ಟಿಲ್ಲ. ಮೂಲೆಯಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡಿತು.

"ತೂತು," ಎಂದು ವಾಪಸು ಕೊಟ್ಟಳು.

ಎರಡನೆಯದರ ಪರದೆ ಮಡಿಕೆಯಲ್ಲಿ ಬಿರುಕು ಬಿಟ್ಟಿತ್ತು. ಮೂರನೆಯದರ ಮೈಯೆಲ್ಲ ಗೀಚು, ಚರ್ಮ ಕಿತ್ತುಹೋಗಿತ್ತು; ಪರದೆ ಮಾತ್ರ ಗಟ್ಟಿಯಾಗಿತ್ತು. ಅವಳು ಮೊದಲು ಫಿಲ್ಮ್ ಎಳೆಯುವ ತಿರುಪು ಸುತ್ತಿ, ಆಮೇಲೆ ವೇಗದ ಬಿಲ್ಲೆ ತಿರುಗಿಸಿದಳು. ಬೊಗೊಮಿಲ್ ನೆಟ್ಟಗೆ ಕುಳಿತ. ಗೊತ್ತಿಲ್ಲದವರು ಸುತ್ತುವುದಕ್ಕೆ ಮೊದಲೇ ಬಿಲ್ಲೆ ತಿರುಗಿಸಿ ಒಳಗಿನ ಚಕ್ರದ ಹಲ್ಲು ಮುರಿಯುತ್ತಾರೆ. ಅಂಥವರ ಕ್ಯಾಮೆರಾಗಳೇ ಅವನ ಕಂಬಳಿಯ ಮೇಲೆ ಅರ್ಧದಷ್ಟಿದ್ದವು. ಮುಂಭಾಗದ ಸಣ್ಣ ಸನ್ನೆಕೋಲನ್ನು ಕೆಳಗೆ ತಳ್ಳಿದಾಗ ಕ್ಯಾಮೆರಾ ಗುಂಯ್‌ಗುಟ್ಟಿ, ಹತ್ತು ಎಣಿಸುವಷ್ಟರಲ್ಲಿ ತಾನೇ ಕ್ಲಿಕ್ಕಿಸಿತು. ಒಂಬತ್ತು ಸಲ ಹಾಗೆ ಮಾಡಿ ನೋಡಿದಳು. ಪಟದಲ್ಲಿ ತಾನೂ ಇರಬೇಕಲ್ಲ.

ಲೆನ್ಸಿನ ವಿಷಯಕ್ಕೆ ಜಗಳವೇ ಆಯಿತು. ಅವಳು ಚೀಲದಿಂದ ನಾಲ್ಕು ಮೀಟರಿನ ದಾರ ತೆಗೆದು ಒಂದು ತುದಿ ಬೊಗೊಮಿಲ್‌ಗೂ ಇನ್ನೊಂದು ಪಕ್ಕದ ಉಪ್ಪಿನಕಾಯಿ ಮಾರುವವಳಿಗೂ ಕೊಟ್ಟು, ತಾನು ಮೂರು ಮೀಟರ್ ಹಿಂದೆ ಸರಿದು ಕಿಂಡಿಯಲ್ಲಿ ಕಣ್ಣಿಟ್ಟಳು. ಇಪ್ಪತ್ತೆಂಟು ಮಿಲಿಮೀಟರ್ ಲೆನ್ಸಿನ ಕಿಂಡಿಯಲ್ಲಿ ಇಬ್ಬರ ಬೆರಳುಗಳೂ ಹೊರಗೆ ಉಳಿದವು. ಇಪ್ಪತ್ತರ ಲೆನ್ಸಿನದರಲ್ಲಿ ಇಬ್ಬರೂ ಪೂರ್ತಿ ಒಳಗೆ.

"ಅದು ಬ್ಯಾಡಿ ಚಿಕ್ಕಮ್ಮ. ತುಂಬಾ ಅಗಲ ಅದು. ತುದೀಲಿ ನಿಂತೋರ ಮುಖ ಎಳೆದು ಕುಂಬಳಕಾಯಿ ಮಾಡತ್ತೆ."

"ಕುಂಬಳಕಾಯಿ ಆದ್ರೂ ಇರತ್ತಲ್ಲಪ್ಪ," ಎಂದು ಪೆಟ್ಕಾನಾ ಅದನ್ನೇ ಕಾಗದದಲ್ಲಿ ಸುತ್ತಿಸಿಕೊಂಡಳು.

ಇನ್ನೊಂದು ಫಜೀತಿ ಬಾಕಿಯಿತ್ತು. ತನ್ನದೇ ಹೆಸರಿನ ಸಂತಳ ದಿನ ಆಚರಿಸುವ ಇಂಥ ಹೆಸರಿನ ಹಬ್ಬಕ್ಕೆ ಯಾರನ್ನೂ ಕರೆಯುವಂತಿಲ್ಲ. ನೆನಪಿದ್ದವರು ತಾವಾಗಿ ಬರುತ್ತಾರೆ, ಬೇಕೆಂದಾಗ ಎದ್ದುಹೋಗುತ್ತಾರೆ. ಇಷ್ಟು ಗಂಟೆಗೆ ಬನ್ನಿ ಎಂದರೆ ಮರ್ಯಾದೆ ಹೋಯಿತು. ಹನ್ನೊಂದಕ್ಕೆ ಬಂದವರು ತ್ಸೋನಾ ಬರುವವರೆಗೆ ಕೂರಬೇಕಲ್ಲ? ಪೆಟ್ಕಾನಾ ಕೋಳಿಯನ್ನು ಒಲೆಯಲ್ಲೇ ಇಟ್ಟು, ಟೇಬಲ್ಲಿಗೆ ಬರೀ ಉಪ್ಪಿನಕಾಯಿ ತಂದಳು. ಘಮಘಮ ವಾಸನೆ ಬಿಟ್ಟು ಏಳಲು ಯಾರಿಗೂ ಮನಸ್ಸಾಗಲಿಲ್ಲ.

"ಏನೇ ಪೆಟ್ಕಾನಾ, ಕೋಳೀನ ಮೊಟ್ಟೆಯಿಂದ ಶುರು ಮಾಡಿದೀಯಾ?" ಎಂದಳು ಬಾಯಿಬಡುಕಿ ಯೊರ್ಡಾಂಕಾ.

"ಇನ್ನೂ ಬೆಂದಿಲ್ಲ ಕಣೇ."

"ಜಿಪುಣರ ಊರು ಗಾಬ್ರೊವೊದೋಳಲ್ವಾ, ವಾಸನೆ ತೋರ್ಸಿ ಕಳಿಸ್ತಾಳೆ!"

ಮೂರು ಗಂಟೆಗೆ ತ್ಸೋನಾ, ಮಹಡಿಗೊಂದು ಸಲ ಕುಳಿತು ಸುಧಾರಿಸಿಕೊಂಡು, ಮೇಲೆ ಬಂದಳು. ಪೆಟ್ಕಾನಾ ಅವಳನ್ನು ನಟ್ಟನಡುವೆ ಕುರ್ಚಿಯಲ್ಲಿ ಕೂರಿಸಿದಳು. ಬಲತುದಿಗೆ ಯೊರ್ಡಾಂಕಾಳನ್ನು ದಬ್ಬಿದಳು, ಎಡತುದಿ ತನಗೆ ಇಟ್ಟುಕೊಂಡಳು. ಸನ್ನೆಕೋಲು ಒತ್ತಿ ಓಡಿಬಂದು ನಿಂತಳು. ತೊಳೆದು ನೋಡಿದಾಗ ಹದಿನೇಳು ಮುಖವೂ ಇದ್ದವು, ಎರಡು ಕುಂಬಳಕಾಯಿ ಸೇರಿ. ಫಿಲ್ಮ್ ತೊಳೆದ ಸ್ನಾನದ ಮನೆಯಲ್ಲಿ ಒಬ್ಬಳೇ ನಿಂತು ಅವಳು ಸಂತೋಷಕ್ಕೆ ಅತ್ತಳು.

ಫೆಬ್ರವರಿಯಲ್ಲಿ ತ್ಸೋನಾ ತೀರಿಕೊಂಡಳು. ಅವಳ ಮಗ ಮ್ಲಾಡೆನ್ ಟೋಪಿ ಕೈಯಲ್ಲಿ ಹಿಡಿದು ಬಂದ. ತೀರಿಕೊಂಡವರ ಸುದ್ದಿ ಊರಿಗೆ ತಿಳಿಸುವ ಸಾವಿನ ಹಾಳೆಗೆ ಮುಖ ಬೇಕಿತ್ತು; ಮನೆ ಬಾಗಿಲಿಗೆ, ಬಸ್ಸಿನ ತಂಗುದಾಣಕ್ಕೆ ಅದನ್ನು ಅಂಟಿಸಬೇಕಲ್ಲ.

"ಅಮ್ಮ ನಗ್ತಿರೋದು ನಿಮ್ ಪಟದಲ್ಲಿ ಮಾತ್ರ, ಚಿಕ್ಕಮ್ಮ. ಪ್ರೆಸ್ಸಿನೋರು ಅವಳೊಬ್ಬಳನ್ನ ಕತ್ತರಿಸ್ಕೋತಾರಂತೆ."

ಪೆಟ್ಕಾನಾ ಪಟವನ್ನು ಮೇಜಿನ ಮೇಲಿಟ್ಟು ತುದಿಯಿಂದ ತುದಿಗೆ ಮುಖಗಳನ್ನು ಎಣಿಸಿದಳು. ಆಮೇಲೆ, "ಕತ್ತರಿಸೋಕೆ ಕೊಡಲ್ಲ. ಹಾಕಿದ್ರೆ ಪೂರ್ತಿ ಹಾಕಿ," ಎಂದಳು.

"ಬದುಕಿರೋರ ಮುಖ ಸಾವಿನ ಹಾಳೇಲಾ? ಅಪಶಕುನ ಅಲ್ವಾ? ಅವರೆಲ್ಲ ನನ್ನ ಹೊಡೀತಾರೆ!"

"ಕೇಳ್ತೀನಿ ಇರು."

ಅವನೆದುರೇ ಹದಿನೈದು ಮನೆಗೆ ಫೋನು ಮಾಡಿದಳು. ಒಬ್ಬಳು ದೃಷ್ಟಿ ತೆಗೆದು ಮೂರು ಸಲ ಉಗಿದು ಒಪ್ಪಿದಳು. ಇಬ್ಬರು ಅತ್ತು ಒಪ್ಪಿದರು. ಯೊರ್ಡಾಂಕಾ, "ಅದ್ರಲ್ಲಿ ನನ್ ಕೂದ್ಲು ಸರಿಯಾಗಿದೆ ತಾನೇ?" ಎಂದು ಕೇಳಿದಳು.

ಮರುದಿನ ಬೆಳಿಗ್ಗೆ ತಂಗುದಾಣದ ಗಾಜಿನ ಮೇಲೆ ಹದಿನೇಳು ಹೆಂಗಸರು ನಗುತ್ತಿದ್ದರು, ಕೆಳಗೆ ತ್ಸೋನಾಳ ಹೆಸರು. ಬಸ್ಸಿಗೆ ಬಂದ ಮುದುಕನೊಬ್ಬ ಗಾಬರಿಯಾಗಿ ಶಿಲುಬೆಯ ಗುರುತು ಮಾಡಿಕೊಂಡ.

"ಅಯ್ಯೋ ದೇವ್ರೇ, ಇಷ್ಟೂ ಜನಾನಾ?"

ಹೂವು ಹಿಡಿದು ನಿಂತಿದ್ದ ಪೆಟ್ಕಾನಾ ತಲೆ ಎತ್ತಿದಳು.

"ಹೋಗಿದ್ದು ಒಬ್ಬಳೇ. ಮಿಕ್ಕೋರು ಕಳಿಸಿಕೊಡೋಕೆ ಬಂದಿದೀವಿ."