ಬಳ್ಳಿಗೊಂದು ಚಳಿಗಾಲ

ನನ್ನದು ಗಿಡ ಬೆಳೆಸುವ ಕೈಯಲ್ಲ. ಮೈಸೂರಿನಲ್ಲಿದ್ದಾಗ ಮನೆಯ ತುಳಸಿಯನ್ನೇ ಎರಡು ಸಲ ಒಣಗಿಸಿದವಳು ನಾನು. ಇದೆಲ್ಲ ಗೊತ್ತಿದ್ದೂ ಆಫೀಸಿನ ಗೆಳತಿ ತನ್ನ ದ್ರಾಕ್ಷಿ ಬಳ್ಳಿಯನ್ನು ಕುಂಡದ ಸಮೇತ ತಂದು ನನ್ನ ಬಾಲ್ಕನಿಯಲ್ಲೇ ಇಟ್ಟಳು. ಗ್ರಹಚಾರ, ಅವಳಿಗೆ ಬೇರೆ ಯಾರೂ ಸಿಗಲಿಲ್ಲ.

ಇಲ್ಲಿ ಗಲ್ಫಿನಲ್ಲಿ, ಮುಶೈರಿಬ್‌ನ ಆಫೀಸಿನಲ್ಲಿ ಆರು ವರ್ಷ ನನ್ನ ಪಕ್ಕದ ಸೀಟಿನಲ್ಲಿದ್ದವಳು ಅವಳು. ವರ್ಷದಲ್ಲಿ ಅರ್ಧಭಾಗ ಹಿಮ ಬೀಳುವ ದೇಶದವಳು. ಅವಳ ಅಪ್ಪ ಮನೆಯ ಹಿತ್ತಲಲ್ಲಿ ಒಂದೇ ಒಂದು ಸಾಲು ಬಿಳಿ ದ್ರಾಕ್ಷಿ ಬೆಳೆಸಿದ್ದರಂತೆ. ಎಂಥ ಚಳಿಗೂ ಜಗ್ಗದ ಜಾತಿ, ವೈನ್ ಮಾಡುವಂಥದ್ದು. ಅಪ್ಪ ತೀರಿಕೊಂಡರು, ಮನೆ ಮಾರಿಹೋಯಿತು, ಕೊಂಡವರು ಆ ಸಾಲನ್ನು ಕಿತ್ತು ಕಾರು ನಿಲ್ಲಿಸಲು ಜಾಗ ಮಾಡಿಕೊಂಡರು. ಅವಳು ಅದಕ್ಕೂ ಮೊದಲು ಒಂದು ಕಡ್ಡಿ ತಂದು ಇಲ್ಲಿ ಕುಂಡದಲ್ಲಿ ಬೆಳೆಸಿದ್ದ ಈ ಬಳ್ಳಿಯೊಂದೇ ಉಳಿದದ್ದು. ಬೆನ್ನಿನ ಆಪರೇಷನ್ನಿಗೆಂದು ಫ್ಲ್ಯಾಟ್ ಖಾಲಿ ಮಾಡಿ ಐದು ತಿಂಗಳು ಊರಿಗೆ ಹೊರಟಾಗ ನನ್ನ ಕೈ ಹಿಡಿದುಕೊಂಡು, ತಾನು ಬರುವ ತನಕ ಇದನ್ನು ಬದುಕಿಸಿದರೆ ಸಾಕು ಎಂದಳು. ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಆಮೇಲೆ ಹೇಳಿದಳು ನೋಡಿ ಅದರ ಉಪಚಾರವನ್ನು! ಚಳಿದೇಶದ ಬಳ್ಳಿಗೆ ಚಳಿಗಾಲ ಬೇಕೇ ಬೇಕು. ಚೆನ್ನಾಗಿ ಮಲಗಿ ಎದ್ದರಷ್ಟೇ ಅದು ಸರಿಯಾಗಿ ಚಿಗುರುವುದು. ಇಲ್ಲಿಯ ಚಳಿ ಅದಕ್ಕೆ ಯಾವ ಮೂಲೆಗೂ ಸಾಲದು. ಡಿಸೆಂಬರಿನಲ್ಲಿ ಎಲೆಗಳನ್ನೆಲ್ಲ ಕಿತ್ತು, ಒಂದೊಂದು ಕಡ್ಡಿಯಲ್ಲೂ ಚಿಗುರೊಡೆಯುವ ಕಣ್ಣು ಎರಡನ್ನೇ ಉಳಿಸಿ ಕತ್ತರಿಸಿ, ಎರಡು ತಿಂಗಳು ಫ್ರಿಜ್ಜಿನಲ್ಲಿಡಬೇಕು. ಅದಕ್ಕೆಂದೇ ಅವಳ ಹತ್ತಿರ ಒಂದು ಹಳೆಯ ಫ್ರಿಜ್ಜಿತ್ತು. ಫ್ಲ್ಯಾಟಿನ ಜೊತೆ ಅದೂ ಹೋಗಿತ್ತು.

"ನಮ್ಮ ಫ್ರಿಜ್ಜಲ್ಲಿ ದೋಸೆಹಿಟ್ಟಿಗೇ ಜಾಗ ಇಲ್ಲ. ಇದನ್ನ ಎಲ್ಲಿ ಮಲಗಿಸ್ತೀಯ, ನನ್ನ ತಲೆ ಮೇಲಾ?" ಎಂದರು ನನ್ನ ಗಂಡ.

ಆಗ ನೆನಪಾದವರು ಉಮ್ಮ್ ಸಲಾಲ್‌ನಲ್ಲಿ ನಮ್ಮ ಮನೆಯ ಹತ್ತಿರ ತರಕಾರಿ ಅಂಗಡಿ ಇಟ್ಟಿರುವ, ಮಂಗಳೂರು ಕಡೆಯ ಬ್ಯಾರಿ ಅಣ್ಣ. ಅಂಗಡಿಯ ಹಿಂದೆ ಅವರದೇ ಕೋಲ್ಡ್ ಸ್ಟೋರ್ ಇದೆ. ಐದು ಹೊತ್ತಿನ ನಮಾಜು ತಪ್ಪಿಸದ ಮನುಷ್ಯ. ವೈನ್ ದ್ರಾಕ್ಷಿ ಎಂದರೆ ಒಳಗೆ ಬಿಟ್ಟಾರೆಯೇ? ಗೆಳತಿಯ ಅಪ್ಪನ ಬಳ್ಳಿ, ಇದೊಂದೇ ಉಳಿದಿರುವುದು ಎಂದಷ್ಟೇ ಹೇಳಿ, ಮಿಕ್ಕಿದ್ದನ್ನು ನುಂಗಿಕೊಂಡೆ. ಎಂಟು ವರ್ಷದಲ್ಲಿ ನನಗೆ ಒಂದು ಬಲಿತ ಬೆಂಡೆಕಾಯಿಯನ್ನೂ ದಾಟಿಸದವರಿಗೆ ಹೀಗೆ ಮಾಡಲು ನಾಚಿಕೆಯಾಯಿತು. ಆದರೂ ಮಾಡಿದೆ.

ಬೋಳು ಕಡ್ಡಿಗಳನ್ನು ನೋಡಿ ಅವರು, "ಎಂತ ಅಕ್ಕ ಇದು? ಸೌದೆಯಾ?" ಎಂದರು.

"ಜೀವ ಇದೆ ಅಣ್ಣ, ಮಲಗಿದೆ ಅಷ್ಟೆ."

"ಅದರ ಪುಣ್ಯ. ನನಗೆ ಇಲ್ಲಿ ಮಲಗ್ಲಿಕ್ಕೆ ಪುರುಸೊತ್ತಿಲ್ಲ. ಇಡಿ, ಇಡಿ."

ಕೋಲ್ಡ್ ಸ್ಟೋರಿನ ಒಳಗೆ, ಬಾಗಿಲ ಪಕ್ಕದಲ್ಲಿ, ಸೇಬಿನ ಪೆಟ್ಟಿಗೆಗಳ ಹತ್ತಿರ ಕುಂಡ ಇಟ್ಟು ಬಂದೆ. ವಾರವಾರ ತರಕಾರಿಗೆ ಹೋದಾಗ, "ನಿಮ್ಮ ಸೌದೆ ಆರಾಮ ಉಂಟು" ಎಂದು ರೇಗಿಸುತ್ತಿದ್ದರು. ಫೆಬ್ರವರಿ ಕೊನೆಯಲ್ಲಿ ಅವರೇ ಒಳಗಿನಿಂದ ಎತ್ತಿಕೊಟ್ಟ ಕುಂಡವನ್ನು ಮನೆಗೆ ತಂದೆ. ಬಾಲ್ಕನಿಯ ಬಿಸಿಲಿಗೆ ಎಲ್ಲಿ ಬೆಂದುಹೋದೀತೋ ಎಂದು ಹೆದರಿ, ಹಾಲ್‌ನಲ್ಲಿ ಸೋಫಾದ ಪಕ್ಕದಲ್ಲಿಟ್ಟು ಕಾದೆ.

ಮೂರು ವಾರ ಕಳೆದರೂ ಒಂದು ಕಣ್ಣೂ ಮಿಸುಕಲಿಲ್ಲ. ಗೆಳತಿ ಆಸ್ಪತ್ರೆಯಿಂದ ಮನೆಗೆ ಬಂದಿದ್ದಳು. "ಎದ್ದಿತಾ?" ಎಂದು ಎರಡು ದಿನಕ್ಕೊಮ್ಮೆ ಮೆಸೇಜು. ಆಫೀಸಿನಲ್ಲಿ ಕೂತು ಇಂಟರ್ನೆಟ್ ಜಾಲಾಡುವಾಗ ಒಂದು ಕಡೆ ಬರೆದಿತ್ತು: ಮಲಗಿರುವ ಬಳ್ಳಿಯನ್ನು ಸೇಬಿನ ಹತ್ತಿರ ಇಡಲೇಬಾರದು, ಸೇಬು ಬಿಡುವ ಗಾಳಿಗೆ ಕಣ್ಣುಗಳು ಸಾಯುತ್ತವೆ. ಒಬ್ಬ ಸತ್ತ ಮನುಷ್ಯನ ಕೊನೆಯ ಬಳ್ಳಿಯನ್ನು ನಾನೇ ನನ್ನ ಕೈಯಾರೆ ಕೊಂದಿದ್ದೆ.

ಸಂಜೆ ನೇರ ಅಂಗಡಿಗೆ ಹೋದೆ. "ಅಣ್ಣ, ನನ್ನ ಕುಂಡ ಎರಡು ತಿಂಗಳೂ ಸೇಬಿನ ಹತ್ರಾನೇ ಇತ್ತಾ?"

ಅವರು ನನ್ನ ಮುಖವನ್ನೇ ನೋಡಿದರು. "ಸೇಬಿನ ಹತ್ರ ಯಾರಾದ್ರೂ ಹಸಿರು ಇಡ್ತಾರಾ ಅಕ್ಕ? ಕೊತ್ತಂಬರಿ ಇಟ್ಟು ನೋಡಿ, ಎರಡೇ ದಿನ, ಹಳದಿ! ನೀವು ಆಚೆ ಹೋದ ಕೂಡ್ಲೇ ನಾನು ಅದನ್ನು ಪಕ್ಕದ ಸೊಪ್ಪಿನ ಕೋಲ್ಡ್ ಕೋಣೆಗೆ ಹಾಕಿದೆ."

"ಸೌದೆ ಅಂದ್ರಲ್ಲ ನೀವು?"

"ಅದು ತಮಾಷೆಗೆ. ಸೌದೆಯನ್ನು ಯಾರಾದ್ರೂ ಮಗುವಿನ ಹಾಗೆ ಎತ್ಕೊಂಡು ಬರ್ತಾರಾ?"

ಹೋದ ಜೀವ ಬಂದಂತಾಯಿತು. ಆ ಗುಂಗಿನಲ್ಲೇ ಬಾಯಿ ತಾನಾಗಿ ತೆರೆಯಿತು. "ಅಣ್ಣ, ನಾನೊಂದು ಮಾತು ಮುಚ್ಚಿಟ್ಟಿದ್ದೆ. ಅದು ವೈನ್ ಮಾಡೋ ದ್ರಾಕ್ಷಿ."

"ಕುಂಡಕ್ಕೆ ಕಟ್ಟಿದ್ದ ಚೀಟಿಯಲ್ಲಿ ಬರೆದಿತ್ತಲ್ಲ, ಅವತ್ತೇ ಓದಿದೆ."

"ಮತ್ತೆ?"

"ಮತ್ತೆಂತ? ಅಪ್ಪನ ಬಳ್ಳಿ ಅಂದ್ರಿ, ಇಟ್ಕೊಂಡೆ. ವೈನ್ ಮಾಡಿ ನನ್ನ ಹತ್ರ ತರ್ಬೇಡಿ, ಖಲಾಸ್. ಈಗ ಎಲ್ಲಿಟ್ಟಿದ್ದೀರಿ ಅದನ್ನು?"

"ಹಾಲ್‌ನಲ್ಲಿ. ನಮ್ಮೆಜಮಾನರು ವರ್ಷವಿಡೀ ಹದಿನೆಂಟಕ್ಕೆ ಎಸಿ ಹಾಕಿರ್ತಾರೆ."

ಅವರು ಹಣೆ ಚಚ್ಚಿಕೊಂಡರು. "ಅಯ್ಯೋ ಅಕ್ಕ! ಅದಕ್ಕೆ ಇನ್ನೂ ಚಳಿಗಾಲ ಮುಗಿಲೇ ಇಲ್ಲ. ಯಲ್ಲಾ, ಹೋಗಿ ಮೊದ್ಲು ಹೊರಗೆ ಹಾಕಿ."

ಬಾಲ್ಕನಿಗೆ ಹಾಕಿದ ಒಂಬತ್ತನೆಯ ದಿನ ಬೆಳಿಗ್ಗೆ, ಕಾಫಿ ಲೋಟ ಹಿಡಿದು ಹೋದವಳು ನಿಂತುಬಿಟ್ಟೆ. ಒಂದು ಕಣ್ಣು ಉಬ್ಬಿ ಸೀಳಿತ್ತು. ಒಳಗೆ ನಸುಗೆಂಪು ಅಂಚಿನ, ಹತ್ತಿಯಂಥ ನವಿರಿನ ಎಲೆ. "ರೀ, ಬನ್ನಿ ಇಲ್ಲಿ!" ಎಂದು ಕೂಗಿದ ಕೂಗಿಗೆ ಗಂಡ ಹಲ್ಲುಜ್ಜುತ್ತಲೇ ಓಡಿಬಂದರು. ಮಧ್ಯಾಹ್ನದ ಹೊತ್ತಿಗೆ ಇನ್ನೆರಡು ಕಣ್ಣು ಸೀಳಿದವು. ಅಬ್ಬಾ, ಎಷ್ಟು ತಿಂಗಳಾದ ಮೇಲೆ ನಾನು ಅವತ್ತು ನೆಟ್ಟಗೆ ನಿದ್ದೆ ಮಾಡಿದೆ!

ಏಪ್ರಿಲ್‌ನಲ್ಲಿ ಗೆಳತಿ ಬಂದಳು. ಬೆನ್ನಿಗೆ ಪಟ್ಟಿ ಕಟ್ಟಿಕೊಂಡಿದ್ದವಳು ಬಗ್ಗಲಾಗದೆ ಕುಂಡದ ಎದುರು ಕುರ್ಚಿ ಹಾಕಿಸಿಕೊಂಡು ಚಿಗುರುಗಳನ್ನು ಒಂದೊಂದಾಗಿ ಮುಟ್ಟಿದಳು. ಆಮೇಲೆ ಅದು ಮಲಗಿದ್ದ ಜಾಗ ನೋಡಬೇಕೆಂದಳು. ಅಂಗಡಿಗೆ ಕರೆದುಕೊಂಡು ಹೋದೆ. ಅಣ್ಣ ಸೊಪ್ಪಿನ ಕೋಣೆಯ ಬಾಗಿಲು ತೆರೆದು ತೋರಿಸಿದರು. ಕೊತ್ತಂಬರಿ, ಪುದೀನ, ಸಬ್ಬಸಿಗೆ ಕಟ್ಟುಗಳು ಒತ್ತೊತ್ತಾಗಿ ತುಂಬಿದ್ದವು. ನಡುವೆ ಒಂದು ಕುಂಡದಷ್ಟು ಜಾಗ ಮಾತ್ರ ಖಾಲಿಯಿತ್ತು.

"ಮುಂದಿನ ಡಿಸೆಂಬರಿಗೂ ಈ ಜಾಗ ಆ ಬಳ್ಳಿಗೇ ಅಂತ ಹೇಳಿ ಅವರಿಗೆ" ಎಂದರು.

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ಅವಳು ಆ ಖಾಲಿ ಜಾಗವನ್ನೇ ನೋಡುತ್ತ ಅಳತೊಡಗಿದ್ದಳು.